ಕಟ್ಟುವ ದುಡ್ಡು, ಕಾಯುವ ದುಡ್ಡು

ನಾನು ಉತ್ತೂರದವನು. ಕೊಲ್ಲಾಪುರ ಜಿಲ್ಲೆಯ ಆಜರಾ ತಾಲೂಕಿನಲ್ಲಿರುವ ದೊಡ್ಡ ಹಳ್ಳಿ ಅದು. ಗಡಹಿಂಗ್ಲಜ ನಮ್ಮ ಪೇಟೆ. ಅದನ್ನು ದಾಟಿದರೆ ಸಂಕೇಶ್ವರ, ಅಂದರೆ ಕರ್ನಾಟಕ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಸಂತೆಯಲ್ಲಿ ಎರಡೂ. ನೌಕರಿಯ ಅಷ್ಟೂ ವರ್ಷ ಈ ಸೀಮೆಯ ಒಂದು ಸಣ್ಣ ನಗರಪರಿಷತ್ತಿನ ನೀರು ಸರಬರಾಜು ವಿಭಾಗದಲ್ಲಿದ್ದೆ. ಆ ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ಕಂಡದ್ದು ಎಲ್ಲ ಸಣ್ಣ ಊರುಗಳಲ್ಲೂ ಕಾಣುತ್ತದೆ. ಈಗ ನಿವೃತ್ತನಾಗಿ ಉತ್ತೂರಕ್ಕೆ ಬಂದಿದ್ದೇನೆ. ನಮ್ಮ ಊರು ಕಣ್ಣೆದುರಿಗೇ ಬೆಳೆಯುತ್ತಿದೆ. ಹೊಸ ಬಡಾವಣೆ, ಹೊಸ ಅಂಗಡಿ ಸಾಲು, ದಿನಕ್ಕೊಂದು ಬೋರಿನ ಸದ್ದು. ಇಂದಲ್ಲ ನಾಳೆ ಇದೂ ಪೇಟೆಯಾಗುತ್ತದೆ. ಅಷ್ಟರೊಳಗೆ, ಪೇಟೆಗಳು ಎಲ್ಲಿ ಎಡವುತ್ತವೆ ಎಂದು ನಾನು ಕಲಿತದ್ದನ್ನು ಬರೆದಿಡಬೇಕು ಅನ್ನಿಸಿದೆ.

ಸಣ್ಣ ನಗರಪರಿಷತ್ತು ಎಂದರೆ ಎಷ್ಟು ಸಣ್ಣದು ಎಂಬುದು ಹೊರಗಿನವರಿಗೆ ತಿಳಿದಿರುವುದಿಲ್ಲ. ಮಹಾರಾಷ್ಟ್ರದಲ್ಲಿ 1965ರ ನಗರಪರಿಷತ್ ಕಾಯ್ದೆಯ ಪ್ರಕಾರ 40 ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಊರು 'ಕ' ವರ್ಗದ್ದು. 1992ರ 74ನೆಯ ಸಂವಿಧಾನ ತಿದ್ದುಪಡಿ ನಗರಸಂಸ್ಥೆಗಳಿಗೆಂದು 18 ಕೆಲಸಗಳ ಪಟ್ಟಿ ಕೊಟ್ಟಿತು. ಮುಂಬಯಿಗೆ ಇರುವ ಪಟ್ಟಿಯೇ ನಮ್ಮ ಊರಿಗೂ. ನೀರು, ಗಟಾರು, ಕಸ, ಬೀದಿದೀಪ, ಸ್ಮಶಾನ, ಜನನ ಮರಣದ ದಾಖಲೆ, ಉದ್ಯಾನ, ಕೊಳಚೆ ಪ್ರದೇಶದ ಸುಧಾರಣೆ, ಎಲ್ಲವೂ ಅದರಲ್ಲಿದೆ. ಅದನ್ನೆಲ್ಲ ಮಾಡಲು ಒಬ್ಬ ಮುಖ್ಯಾಧಿಕಾರಿ, ಒಬ್ಬ ಎಂಜಿನಿಯರು, ನಾಲ್ಕಾರು ಗುಮಾಸ್ತರು. ಎಂಜಿನಿಯರ ಕುರ್ಚಿ ಎಷ್ಟೋ ಸಲ ಖಾಲಿ ಇರುತ್ತಿತ್ತು. ಉಳಿದ ಭಾರವೆಲ್ಲ ನೀರು ಬಿಡುವವರ, ಗಟಾರು ತೆಗೆಯುವವರ, ಕಂಬ ಹತ್ತುವವರ ಹೆಗಲ ಮೇಲೆ.

ನನಗೆ ಮೊದಲು ಪಾಠ ಹೇಳಿದವರೂ ಅವರೇ. ನಮ್ಮಲ್ಲಿ ವ್ಹಾಲ್ ತಿರುಗಿಸಿ ನೀರು ಬಿಡುವ ಹಿರಿಯರೊಬ್ಬರಿದ್ದರು. ಊರೆಲ್ಲ ಅವರನ್ನು ಕಾಕಾ ಎನ್ನುತ್ತಿತ್ತು. ಯಾವ ಗಲ್ಲಿಯಲ್ಲಿ ಬೀಡಿನ ಪೈಪು ಎಲ್ಲಿ ಮುಗಿದು ಸಿಮೆಂಟಿನ ಪೈಪು ಶುರುವಾಗುತ್ತದೆ, ಯಾವ ವ್ಹಾಲಿನ ಚಾವಿ ಎಷ್ಟು ಸುತ್ತು ತಿರುಗಿದರೆ ಎತ್ತರದ ಓಣಿಗೆ ನೀರು ಏರುತ್ತದೆ, ಯಾವ ವ್ಹಾಲು ಡಾಂಬರಿನ ಕೆಳಗೆ ಹೂತುಹೋಗಿದೆ, ಎಲ್ಲ ಅವರಿಗೆ ಬಾಯಿಪಾಠ. ಕಚೇರಿಯ ಕಪಾಟಿನಲ್ಲಿದ್ದ ನಕ್ಷೆ ಯೋಜನೆ ಮಂಜೂರಾದ ಕಾಲದ್ದು. ಅದರಲ್ಲಿದ್ದ ಪೈಪುಗಳಲ್ಲಿ ಕೆಲವು ನೆಲದಲ್ಲಿರಲಿಲ್ಲ, ನೆಲದಲ್ಲಿದ್ದವುಗಳಲ್ಲಿ ಬಹಳಷ್ಟು ಅದರಲ್ಲಿರಲಿಲ್ಲ. ಕಾಕಾ ನಿವೃತ್ತರಾಗುವ ಹೊತ್ತಿಗೆ ಇಡೀ ಊರಿನ ಜಲಜಾಲ ಒಬ್ಬ ಮನುಷ್ಯನ ನೆನಪಿನಲ್ಲಿತ್ತು.

"ಸಾಹೇಬ್ರ, ನಾ ಹೋದ ಮ್ಯಾಲ ನೀವ್ ಊರೆಲ್ಲಾ ಅಗದ ನೋಡಬೇಕಾಗ್ತೈತಿ," ಅಂದರು ಒಂದು ದಿನ. ಹೆದರಿಸಲು ಹೇಳಿದ ಮಾತಲ್ಲ, ಕಾಳಜಿಯಿಂದಲೇ ಹೇಳಿದ್ದು.

ಆ ಬೇಸಿಗೆಯಲ್ಲಿ ನಾವು ಕಾಕಾರ ಜೊತೆ ಗಲ್ಲಿ ಗಲ್ಲಿ ನಡೆದು ನಕ್ಷೆ ಬರೆದೆವು. ವ್ಹಾಲಿನ ಸ್ಥಳವನ್ನು ಹತ್ತಿರದ ಎರಡು ಗಟ್ಟಿ ಗುರುತಿನಿಂದ ಅಳೆಯಬೇಕು, ಇದು ಅವರದೇ ಪದ್ಧತಿ: ಈ ಮನೆಯ ಮೂಲೆಯಿಂದ ಇಷ್ಟು ಅಡಿ, ಆ ಕಂಬದಿಂದ ಇಷ್ಟು ಅಡಿ. ರಸ್ತೆ ಎಷ್ಟು ಸಲ ಡಾಂಬರು ಕಂಡರೂ ಎರಡು ಅಳತೆ ಕೂಡುವಲ್ಲಿ ಅಗೆದರೆ ವ್ಹಾಲು ಸಿಗುತ್ತದೆ. ಹೆಣ್ಣುಮಕ್ಕಳು ಬಾಗಿಲಿಗೆ ಬಂದು ತಮಗೆ ತಿಳಿದದ್ದನ್ನು ಸೇರಿಸಿದರು. "ಇಲ್ಲೇ ಕೆಳಗ ಯಾವಾಗ್ಲೂ ಹಸೀನ ಇರ್ತೈತ್ರಿ, ನಮ್ಮ ಅತ್ತಿ ಇದ್ದಾಗಿಂದ" ಎಂದ ಒಬ್ಬ ಅಕ್ಕನ ಮಾತಿನಿಂದ ನಮಗೆ ಸಿಕ್ಕ ಸೋರಿಕೆಯನ್ನು ಯಾವ ಯಂತ್ರವೂ ಅಷ್ಟು ಬೇಗ ತೋರಿಸುತ್ತಿರಲಿಲ್ಲ. ರಾತ್ರಿ ಊರು ಮಲಗಿದ ಮೇಲೆ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೈಪಿಗೆ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ ಕೇಳುವುದನ್ನೂ ಕಾಕಾ ಕಲಿಸಿದರು. ನೀರು ಸೋರುವ ಜಾಗದಲ್ಲಿ ಸಣ್ಣಗೆ ಸಿಳ್ಳೆಯಂಥ ಸದ್ದು ಬರುತ್ತದೆ. ಆ ನಕ್ಷೆ ನನ್ನ ನೌಕರಿಯಲ್ಲಿ ಆದ ಅತ್ಯಂತ ಉಪಯುಕ್ತ ಕೆಲಸ ಎಂದು ನಾನು ಇಂದಿಗೂ ನಂಬುತ್ತೇನೆ. ಅದಕ್ಕೆ ಯಾವ ಯೋಜನೆಯಿಂದಲೂ ಹಣ ಬರಲಿಲ್ಲ, ಯಾರೂ ಅದರ ಉದ್ಘಾಟನೆ ಮಾಡಲಿಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲೇ ಇದೆ. ಸಣ್ಣ ಊರಿಗೆ ಕಟ್ಟುವ ದುಡ್ಡು ಮೇಲಿನಿಂದ ಬರುತ್ತದೆ, ಕಾಯುವ ದುಡ್ಡು ಊರಿನಿಂದಲೇ ಹುಟ್ಟಬೇಕು. ಹೊಸ ಟಾಕಿ, ನದಿಯಿಂದ ನೀರೆತ್ತುವ ಹೊಸ ಜಾಕ್‌ವೆಲ್, ಹೊಸ ಪೈಪ್‌ಲೈನಿಗೆ ಕೇಂದ್ರದ ಯೋಜನೆ ಇದೆ, ರಾಜ್ಯದ ಅನುದಾನ ಇದೆ, ಶಾಸಕರ ನಿಧಿ ಇದೆ. ಹತ್ತು ವರ್ಷದ ಮೇಲೆ ಅದೇ ಪಂಪಿನ ಬೇರಿಂಗ್ ಹೋದಾಗ, ಫಿಲ್ಟರಿನ ಉಸುಕು ಬದಲಿಸಬೇಕಾದಾಗ, ಟಾಕಿಯ ಒಳಗೆ ಇಳಿದು ಕೆಸರು ತೆಗೆಯಬೇಕಾದಾಗ ಯಾರೂ ಬರುವುದಿಲ್ಲ. ಅದಕ್ಕೆ ಘರಪಟ್ಟಿ ಮತ್ತು ಪಾಣಿಪಟ್ಟಿಯೇ, ಅಂದರೆ ಮನೆಯ ತೆರಿಗೆ ಮತ್ತು ನೀರಿನ ಕರವೇ ಗತಿ. ನಮ್ಮ ನೀರಿನ ವಿಭಾಗದಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಪಂಪಿನ ವಿದ್ಯುತ್ ಬಿಲ್ಲು; ಅದನ್ನು ಕಟ್ಟಿದ ಮೇಲೆ ಉಳಿಯುವುದರಲ್ಲಿ ಆಲಂ, ಕ್ಲೋರಿನ್, ಕೂಲಿ, ದುರಸ್ತಿ. ಅರ್ಧ ಇಂಚಿನ ನಳಕ್ಕೆ ವರ್ಷಕ್ಕೆ ಇಷ್ಟು ಎಂಬ ಒಪ್ಪಂದದ ದರವನ್ನು ಏರಿಸುವ ಠರಾವು ಬಂದಾಗಲೆಲ್ಲ ಚುನಾವಣೆ ಹತ್ತಿರ ಇರುತ್ತಿತ್ತು. ಠರಾವು ಮುಂದಕ್ಕೆ ಹೋಗುತ್ತಿತ್ತು, ಬೇರಿಂಗೂ ಮುಂದಕ್ಕೆ ಹೋಗುತ್ತಿತ್ತು.

ಜನ ಕೊಡುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ವಸೂಲಿಗೆ ಮನೆ ಮನೆಗೆ ಹೋದವನು ನಾನು. ಬಾಕಿ ಇಟ್ಟವರಲ್ಲಿ ದೊಡ್ಡ ಮೊತ್ತ ಬಡವರದ್ದಾಗಿರಲಿಲ್ಲ. ಸೇಂಗಾ ಹುರಿದು ಮಾರುವ ಅಜ್ಜಿ ಪಾವತಿಯನ್ನು ಮಡಚಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಒಂದು ವರ್ಷ ಒಬ್ಬ ಮುಖ್ಯಾಧಿಕಾರಿ ಪಾಣಿಪಟ್ಟಿಯ ಬಿಲ್ಲಿನ ಹಿಂಬದಿಯಲ್ಲಿ ಆ ವರ್ಷದ ಜಮಾಖರ್ಚು ಅಚ್ಚು ಹಾಕಿಸಿದರು: ವಿದ್ಯುತ್ತಿಗೆ ಇಷ್ಟು, ಔಷಧಕ್ಕೆ ಇಷ್ಟು, ದುರಸ್ತಿಗೆ ಇಷ್ಟು, ವಸೂಲಿ ಇಷ್ಟು, ಬಾಕಿ ಇಷ್ಟು. ಬೈಗುಳ ಕಡಿಮೆಯಾಯಿತು, ಕಟ್ಟೆಯ ಮೇಲೆ ಚರ್ಚೆ ಹೆಚ್ಚಾಯಿತು, ವಸೂಲಿ ಏರಿತು. ಅವರಿಗೆ ವರ್ಗವಾದ ಮೇಲೆ ಬಿಲ್ಲಿನ ಹಿಂಬದಿ ಮತ್ತೆ ಖಾಲಿಯಾಯಿತು.

ನಮ್ಮ ನದಿಗಳ ಮೇಲೆ ಕೊಲ್ಲಾಪುರ ಮಾದರಿಯ ಬಂಧಾರಗಳಿವೆ. ಕಾಯುವ ಕೆಲಸವನ್ನು ಕಟ್ಟುವಾಗಲೇ ಲೆಕ್ಕಕ್ಕೆ ತೆಗೆದುಕೊಂಡದ್ದು ಹೇಗಿರುತ್ತದೆ ಎಂದು ಅವುಗಳಲ್ಲಿ ನೋಡಬಹುದು. ಕಲ್ಲಿನ ಕಂಬಗಳ ನಡುವೆ ಎರಡು ಸಾಲು ಹಲಗೆ, ನಡುವೆ ಮಣ್ಣು. ಮಳೆಗೆ ಮುಂಚೆ ಹಲಗೆ ತೆಗೆಯಬೇಕು, ಮಳೆ ಹೋದ ಮೇಲೆ ಅಕ್ಟೋಬರಿನ ಸುಮಾರಿಗೆ ಮತ್ತೆ ಕೂಡಿಸಬೇಕು. ತೆಗೆಯದಿದ್ದರೆ ಪ್ರವಾಹ ದಂಡೆ ಏರುತ್ತದೆ, ಕೂಡಿಸದಿದ್ದರೆ ಕಬ್ಬು ಒಣಗುತ್ತದೆ. ಮರೆಯುವ ಅವಕಾಶವೇ ಅದರಲ್ಲಿಲ್ಲ. ಹಿರಣ್ಯಕೇಶಿಯ ಮೇಲೆ ಆಜರಾದಿಂದ ಗಡಹಿಂಗ್ಲಜದವರೆಗೆ ಇಂಥ ಬಂಧಾರಗಳಿಂದಲೇ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ, ಚಿತ್ರಿ ಅಣೆಕಟ್ಟಿನಿಂದ ಬಿಟ್ಟ ನೀರನ್ನು ಹಿಡಿದಿಡುವುದೂ ಅವೇ. ನಗರಪರಿಷತ್ತಿನ ಟಾಕಿಗೆ ಅಂಥ ಕಟ್ಟುಪಾಡಿಲ್ಲ. ಅದನ್ನು ಹತ್ತು ವರ್ಷ ಮರೆತರೂ ಅದು ನಿಂತೇ ಇರುತ್ತದೆ, ಒಂದು ದಿನ ಇಡೀ ಓಣಿ ಕಾಯಿಲೆ ಬೀಳುವವರೆಗೆ.

ಇಚಲಕರಂಜಿಯಲ್ಲಿ 2012ರ ಬೇಸಿಗೆಯಲ್ಲಿ ಕಾಮಾಲೆ ಹರಡಿದಾಗ ಈ ಭಾಗದ ನೀರಿನ ಕೆಲಸಗಾರರೆಲ್ಲ ಬೆಚ್ಚಿದೆವು. ಸಾವಿರಾರು ಜನರಿಗೆ ಕಾಯಿಲೆ, ಹಲವರ ಸಾವು; ಗರ್ಭಿಣಿಯರಿಗೆ ಹೆಚ್ಚು ಅಪಾಯ ತರುವ ಹೆಪಟೈಟಿಸ್ ಇ. ಆಗ ನಾವು ಅರ್ಥ ಮಾಡಿಕೊಂಡ ಸಂಗತಿಯನ್ನು ಪ್ರತಿ ಗೃಹಿಣಿಯೂ ತಿಳಿದಿರಬೇಕು. ದಿನಕ್ಕೊಂದು ಗಂಟೆ ಅಥವಾ ಎರಡು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಪೈಪು ಹೆಚ್ಚಿನ ಹೊತ್ತು ಖಾಲಿ ಇರುತ್ತದೆ. ಒತ್ತಡ ಇಳಿದಾಗ ಒಡಕಿನ ಪೈಪು ಸುತ್ತಲಿನ ಗಟಾರಿನ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಕೆಲವರು ನಳಕ್ಕೇ ನೇರ ಮೋಟಾರು ಹಚ್ಚಿದರಂತೂ ಎಳೆತ ಇನ್ನೂ ಜೋರು. ಫಿಲ್ಟರಿನಲ್ಲಿ ಎಷ್ಟೇ ಶುದ್ಧ ಮಾಡಿದರೂ ಕೊನೆಯ ಗಲ್ಲಿಯಲ್ಲಿ ಅದು ಬೇರೆ ನೀರು. ಅದಕ್ಕೇ ಕ್ಲೋರಿನ್ ಪರೀಕ್ಷೆಯನ್ನು ಟಾಕಿಯ ಹತ್ತಿರ ಮಾಡಿ ಪ್ರಯೋಜನವಿಲ್ಲ, ಕಟ್ಟಕಡೆಯ ನಳದಲ್ಲಿ ಮಾಡಬೇಕು. ನಾವು 'ಓಟಿ' ಎನ್ನುವ ಆ ಪರೀಕ್ಷೆಗೆ ಒಂದು ಸಣ್ಣ ಕೊಳವೆ, ಎರಡು ಹನಿ ದ್ರಾವಣ ಸಾಕು. ನೀರು ಹಳದಿಗೆ ತಿರುಗಿದರೆ ಕ್ಲೋರಿನ್ ಉಳಿದಿದೆ. ಟಾಕಿಯಲ್ಲಿ ಕ್ಲೋರಿನ್ ಹಾಕಿಯೂ ಇಲ್ಲಿ ತಿರುಗದಿದ್ದರೆ ಆ ಗಲ್ಲಿಯ ಪೈಪಿನಲ್ಲಿ ಏನೋ ಸೇರುತ್ತಿರಬಹುದು ಎಂದು ಅರ್ಥ. ನಾನಿದ್ದ ಊರಿನಲ್ಲಿ ಈ ಕೆಲಸವನ್ನು ಕೊನೆಗೆ ಶಾಲೆಯ ಹುಡುಗಿಯರೇ ಮಾಡತೊಡಗಿದರು. ನೌಕರ ಬರೆದ ವಹಿಗಿಂತ ಅವರ ವಹಿ ಪ್ರಾಮಾಣಿಕವಾಗಿತ್ತು.

ಇಚಲಕರಂಜಿಯ ನೀರಿನ ಕಥೆ ಕಾಮಾಲೆಗೆ ಮುಗಿಯುವುದಿಲ್ಲ. ಆ ಊರಿನ ಬಗ್ಗೆ ನನಗೆ ಪ್ರೀತಿ ಇದೆ. ನಮ್ಮ ಆಜರಾ ಹಿಂದೆ ಇಚಲಕರಂಜಿ ಸಂಸ್ಥಾನಕ್ಕೆ ಸೇರಿದ್ದು. ಅಲ್ಲಿಯ ಮಗ್ಗಗಳಲ್ಲಿ ಕನ್ನಡ ಮಾತಾಡುವ ನೇಕಾರರು ತಲೆಮಾರುಗಳಿಂದ ದುಡಿದಿದ್ದಾರೆ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಊರು 2011ರ ಜನಗಣತಿಯ ಹೊತ್ತಿಗೆ 2 ಲಕ್ಷ 87 ಸಾವಿರ ಜನರ ನಗರವಾಯಿತು, 2022ರಲ್ಲಿ ಮಹಾನಗರಪಾಲಿಕೆಯಾಯಿತು. ಪಂಚಗಂಗೆ ಅದರ ಮಗ್ಗುಲಲ್ಲೇ ಹರಿಯುತ್ತದೆ. ಆದರೆ ಮೇಲಿನ ಊರುಗಳ ಕೊಳಚೆ, ಕಾರ್ಖಾನೆಗಳ ನೀರು, ತನ್ನದೇ ಬಣ್ಣದ ಘಟಕಗಳ ನೀರು ಸೇರಿ ಆ ನದಿ ಕುಡಿಯಲು ಯೋಗ್ಯವಾಗಿ ಉಳಿಯಲಿಲ್ಲ. ಊರು ಮಜರೇವಾಡಿಯಿಂದ ಕೃಷ್ಣೆಯ ನೀರು ತಂದಿತು. ಆ ಪೈಪು ಮತ್ತೆ ಮತ್ತೆ ಒಡೆಯಿತು. ವಾರಣಾ ನದಿಯಿಂದ ದಾನೋಳಿಯಲ್ಲಿ ನೀರೆತ್ತುವ ಯೋಜನೆ ಬಂತು. ಆ ದಂಡೆಯ ಜನ ಅಡ್ಡ ನಿಂತರು. ಆಮೇಲೆ ಅಮೃತ್ ಯೋಜನೆಯಲ್ಲಿ ದೂಧಗಂಗೆಯ ಸುಳಕೂಡದಿಂದ ನೀರು ಎಂದಾಯಿತು. ಕಾಗಲ, ಶಿರೋಳ ಭಾಗದ ರೈತರು ಎದ್ದರು. ದೂಧಗಂಗೆ ಅಲ್ಲಿಂದ ಕೆಳಗೆ ಸದಲಗಾ ಕಡೆಗೆ, ಕರ್ನಾಟಕಕ್ಕೆ ಹರಿಯುತ್ತದೆ; ಅಲ್ಲಿಯ ರೈತರ ಆತಂಕವೂ ಸಣ್ಣದಲ್ಲ.

ಎರಡೂ ಕಡೆಯವರ ಮಾತು ಕೇಳಿದ್ದೇನೆ. ವಾರಕ್ಕೊಮ್ಮೆ ಬರುವ ನೀರಿಗೆ ಮಗ್ಗ ಬಿಟ್ಟು ಕಾಯುವ ತಾಯಿಯ ನೋವು ನಿಜ. ನಾಲೆಯ ಕೊನೆಯ ಹೊಲದವನ ಭಯವೂ ನಿಜ: "ಇವತ್ತ್ ಕುಡ್ಯಾಕಂತಾರ, ನಾಳೆ ಕಾರಖಾನಿಗಿ ಒಯ್ತಾರ." ತನ್ನ ಪಕ್ಕದ ನದಿಯನ್ನು ಕಾಯದ ಊರಿಗೆ ದೂರದ ನದಿಯವರು ನಂಬಿಕೆಯಿಂದ ನೀರು ಕೊಡುವುದಿಲ್ಲ. ಇದು ಇಚಲಕರಂಜಿಯೊಂದರ ಹೊಣೆಯಲ್ಲ, ಮೇಲಿನಿಂದ ಕೊಳಚೆ ಬಿಟ್ಟ ಎಲ್ಲ ಊರುಗಳ ಹೊಣೆ. ಕೊಲ್ಲಾಪುರಕ್ಕೂ ಕಾಳಮ್ಮವಾಡಿ ಅಣೆಕಟ್ಟಿನಿಂದ ಸುಮಾರು 53 ಕಿಲೋಮೀಟರ್ ನೇರ ಪೈಪ್‌ಲೈನ್ ತರಲು ದಶಕಗಳ ಚಳವಳಿ ಬೇಕಾಯಿತು. ನೀರು ಬಂದದ್ದು 2023ರ ಕೊನೆಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಳಂಬಾ ಕೆರೆ ಕಟ್ಟಿ ನೀರು ತಂದುಕೊಂಡ ಊರು ಅದು. ದೂರದ ನೀರು ಬಂತೆಂದು ಹತ್ತಿರದ ಕೆರೆಯನ್ನು ಬಿಟ್ಟುಕೊಡಬಾರದು ಎಂಬುದಕ್ಕೆ ಕಾರಣ ಸರಳ: ದೂರದ ಪೈಪು ಒಡೆದ ದಿನ ಹತ್ತಿರದ ಕೆರೆಯೇ ಆಸರೆ.

ಪ್ರವಾಹದ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಕೊಲ್ಲಾಪುರದ ರಾಜಾರಾಮ ಬಂಧಾರದ ಬಳಿ ಪಂಚಗಂಗೆಯ ಅಪಾಯದ ಮಟ್ಟ 43 ಅಡಿ. 2019ರ ಆಗಸ್ಟಿನಲ್ಲೂ 2021ರ ಜುಲೈನಲ್ಲೂ ನದಿ 55 ಅಡಿ ದಾಟಿತು. 2019ರಲ್ಲಿ ಪಂಪ್‌ಹೌಸುಗಳೇ ಮುಳುಗಿ, ಸುತ್ತ ನೀರೋ ನೀರು ಇದ್ದ ನಗರ ಕುಡಿಯುವ ನೀರಿಗೆ ಟ್ಯಾಂಕರ್ ಕಾದಿತು. ನಮ್ಮ ಜಾಕ್‌ವೆಲ್ಲಿನಲ್ಲಿ ವಿದ್ಯುತ್ ಪ್ಯಾನೆಲನ್ನು ಹಳೆಯ ಪ್ರವಾಹದ ಗೆರೆಗಿಂತ ಮೇಲಕ್ಕೆ ಏರಿಸಿದ್ದರಿಂದ ನೀರು ಇಳಿದ ಮರುದಿನವೇ ಪಂಪು ಶುರುವಾಯಿತು. 2005ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆದಿಟ್ಟವನು ಒಬ್ಬ ಪಂಪ್ ಆಪರೇಟರು. ಆ ಗೆರೆ ಇಲ್ಲದಿದ್ದರೆ ಎಷ್ಟು ಏರಿಸಬೇಕೆಂದು ನಮಗೆ ತಿಳಿಯುತ್ತಿರಲಿಲ್ಲ.

ಇನ್ನು ಹಳೆಯ ಕಟ್ಟಡಗಳ ವಿಷಯ. ನೀರಿನ ವಿಭಾಗದವನಿಗೆ ಇದರಲ್ಲೇನು ಕೆಲಸ ಎಂದು ಕೇಳಬಹುದು. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲ ಕೆಲಸ. ನಾನಿದ್ದ ಊರಿನ ನಡುವೆ ಮೆಟ್ಟಿಲು ಬಾವಿಯೊಂದಿತ್ತು. ಕರಿಕಲ್ಲಿನ ಕಟ್ಟಡ, ಒಳಗೆ ಗೂಡುಗಳು, ಒಂದು ಕಮಾನು. ನಳ ಬಂದ ಮೇಲೆ ಜನ ಅದನ್ನು ಮರೆತರು, ನಿರ್ಮಾಲ್ಯ ಬಿತ್ತು, ಪ್ಲಾಸ್ಟಿಕ್ ಬಿತ್ತು. ಸುಶೋಭೀಕರಣಕ್ಕೆಂದು ಅನುದಾನ ಬಂದಾಗ ತಯಾರಾದ ಅಂದಾಜಿನಲ್ಲಿ ಸಿಮೆಂಟ್ ಪ್ಲಾಸ್ಟರು, ಬಣ್ಣದ ಟೈಲ್ಸು, ಸ್ಟೀಲ್ ಕಟಾಂಜನ, ಕಾರಂಜಿ ಇದ್ದವು. ಬಾವಿಯ ಕೆಸರು ತೆಗೆಯುವ ಬಾಬ್ತು ಇರಲಿಲ್ಲ.

ಅದನ್ನು ನಿಲ್ಲಿಸಿದವನು ಊರಿನ ಮುದಿ ಗವಂಡಿ. ಸಭೆಗೆ ಬಂದು ಅವನು ಹೇಳಿದ ಮಾತು ಇಷ್ಟೇ: "ಸಿಮಿಟ್ ಹಾಕಿದ್ರ ಕಲ್ಲಿನ ಹಿಂದ ನೀರ ನಿಂದರ್ತೈತಿ. ನಿಂತ ನೀರ ಕಲ್ಲ ದೂಡ್ತೈತಿ. ಹತ್ತ ಮಳಿಗಾಲಕ್ಕ ಕಮಾನ ಬೀಳ್ತೈತ್ರಿ." ಸುಣ್ಣದ ಗಾರೆ ಬೆವರುವ ಮೈಗೆ ಹತ್ತಿಯ ಅಂಗಿಯ ಹಾಗೆ, ತೇವವನ್ನು ಒಳಗೆ ಹಿಡಿದಿಡದೆ ಹೊರಕ್ಕೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ಕಲ್ಲು ಸರಿದಾಗ ಗಾರೆ ತಾನೂ ಸ್ವಲ್ಪ ಬಾಗುತ್ತದೆ, ಸಿಮೆಂಟು ಸೀಳುತ್ತದೆ. ಹಾಗಾಗಿ ಹಳೆಯ ಗೋಡೆಗೆ ಗಟ್ಟಿ ಮಸಾಲೆ ಒಳ್ಳೆಯದು ಎಂಬ ನಂಬಿಕೆಯೇ ತಪ್ಪು. ಸಂದಿಯ ಮಸಾಲೆ ಕಲ್ಲಿಗಿಂತ ಮೆದುವಾಗಿರಬೇಕು. ನಾವು ದರಪಟ್ಟಿಯಲ್ಲಿ ಸುಣ್ಣದ ಕೆಲಸದ ಬಾಬ್ತುಗಳನ್ನು ಹುಡುಕಿ, ಅಂದಾಜನ್ನು ಮತ್ತೆ ಬರೆದೆವು. ಟೆಂಡರಿನ ತೊಡಕು ಇಲ್ಲಿದೆ: ಅತಿ ಕಡಿಮೆ ದರ ಹೇಳಿದವನಿಗೇ ಕೆಲಸ, ಅವನಿಗೆ ಗಾರೆ ಗೊತ್ತಿರಲೇಬೇಕೆಂದಿಲ್ಲ. ಆದ್ದರಿಂದ ಮೊದಲು ಒಂದು ಮೊಳ ಗೋಡೆಗೆ ನಮೂನೆ ಕೆಲಸ ಮಾಡಿ ತೋರಿಸಬೇಕು, ಅದು ಪಾಸಾದರೆ ಮಾತ್ರ ಮುಂದಿನದು ಎಂಬ ಷರತ್ತು ಸೇರಿಸಿದೆವು. ಗುತ್ತಿಗೆದಾರ ಕೊನೆಗೆ ಅದೇ ಮುದಿ ಗವಂಡಿಯನ್ನು ಕರೆದುಕೊಂಡ. ಸುಣ್ಣ ವಾರಗಟ್ಟಲೆ ನೀರಿನಲ್ಲಿ ನೆನೆಯಿತು, ಬೆಲ್ಲದ ನೀರು ಸೇರಿತು. ಬೆಲ್ಲಕ್ಕೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಕೆಸರು ತೆಗೆದಾಗ ತಳದಲ್ಲಿ ಎರಡು ಸೆಲೆ ತೆರೆದವು. ಆ ಬಾವಿಯ ನೀರು ಕುಡಿಯಲು ಅಲ್ಲ, ಬಟ್ಟೆಗೆ, ಗಿಡಕ್ಕೆ, ಗಣಪತಿ ವಿಸರ್ಜನೆಯ ಹೊಂಡಕ್ಕೆ. ಅಷ್ಟು ನೀರು ನಳದಿಂದ ಉಳಿಯಿತು. ಹಳೆಯದನ್ನು ಉಳಿಸುವುದು ನೀರಿನ ವಿಭಾಗದ ಕೆಲಸವೇ ಎಂದು ಆಗ ನನಗೆ ಗಟ್ಟಿಯಾಗಿ ತಿಳಿಯಿತು.

ಕೊಲ್ಲಾಪುರ ನಗರ ತನ್ನ ಎಷ್ಟು ತೀರ್ಥಗಳನ್ನು ಮುಚ್ಚಿಕೊಂಡಿತು ನೋಡಿ. ಕಪಿಲತೀರ್ಥ ಕಾಯಿಪಲ್ಯೆಯ ಮಾರುಕಟ್ಟೆಯಾಯಿತು. ವರುಣತೀರ್ಥ ಗಾಂಧಿ ಮೈದಾನವಾಯಿತು. ಮಳೆಗಾಲದಲ್ಲಿ ಆ ಮೈದಾನದಲ್ಲಿ ನೀರು ನಿಲ್ಲುತ್ತದೆ, ತನ್ನ ಜಾಗವನ್ನು ನೀರು ಮರೆತಿಲ್ಲ. ಅಂಬಾಬಾಯಿ ದೇವಳದ ಆವರಣದ ಮಣಿಕರ್ಣಿಕಾ ಕುಂಡವನ್ನು ಕಳೆದ ಶತಮಾನದಲ್ಲಿ ಮಣ್ಣು ತುಂಬಿ ಮುಚ್ಚಿ ಮೇಲೆ ಉದ್ಯಾನ ಮಾಡಿದ್ದರು. ಈಚಿನ ವರ್ಷಗಳಲ್ಲಿ ಅದನ್ನೇ ಜೋಪಾನವಾಗಿ ಅಗೆದು ಹೊರತೆಗೆಯಬೇಕಾಯಿತು. ಮುಚ್ಚಲು ಬೇಕಾದ ಖರ್ಚಿಗಿಂತ ತೆರೆಯುವ ಖರ್ಚು ಎಷ್ಟೋ ಪಟ್ಟು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಅದೇ ಕೊಲ್ಲಾಪುರದ ಕೇಶವರಾವ್ ಭೋಸಲೆ ನಾಟ್ಯಗೃಹದ ಬೆಂಕಿ. ಕೊಲ್ಲಾಪುರದ ದೊರೆ ಶಾಹೂ ಮಹಾರಾಜರು 1902ರಲ್ಲಿ ಯುರೋಪಿಗೆ ಹೋಗಿ ಬಂದವರು; ಅಲ್ಲಿ ಕಂಡಂಥ ಅಖಾಡ, ರಂಗಮಂದಿರಗಳನ್ನು ತಮ್ಮ ಊರಿನಲ್ಲಿ ಕಟ್ಟಿಸಿದರು. 1912ರಲ್ಲಿ ಖಾಸಬಾಗ ಕುಸ್ತಿ ಮೈದಾನ, ಅದರ ಬೆನ್ನಿಗೇ 1915ರಲ್ಲಿ ಪ್ಯಾಲೇಸ್ ಥಿಯೇಟರ್. ಮುಂದೆ ಅದಕ್ಕೆ ಗಾಯಕ ನಟ ಕೇಶವರಾವ್ ಭೋಸಲೆ ಅವರ ಹೆಸರಿಟ್ಟರು. ಕನ್ನಡದವರಾದ ನಮಗೆ ಆ ಹೆಸರು ಪರಕೀಯವಲ್ಲ. ಅವರ ಲಲಿತಕಲಾದರ್ಶ ನಾಟಕ ಮಂಡಳಿ 1908ರಲ್ಲಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಧ್ವನಿವರ್ಧಕವಿಲ್ಲದ ಕಾಲದ ರಂಗಮಂದಿರದಲ್ಲಿ ನಟನ ಮಾತು ಹಿಂದಿನ ಸಾಲಿಗೆ ಸರಾಗವಾಗಿ ಕೇಳಬೇಕಿತ್ತು. ಎತ್ತರ, ಅಗಲ, ಮರ ಎಲ್ಲವನ್ನೂ ಅದಕ್ಕೆ ಹೊಂದಿಸಿದ್ದರು. ಗಡಹಿಂಗ್ಲಜದಿಂದ ಕೊನೆಯ ಬಸ್ಸಿನ ಚಿಂತೆ ಬಿಟ್ಟು ನಾಟಕ ನೋಡಲು ಹೋಗುತ್ತಿದ್ದವರಲ್ಲಿ ನಾನೂ ಒಬ್ಬ.

2024ರ ಆಗಸ್ಟ್ 8ರ ರಾತ್ರಿ ಅದಕ್ಕೆ ಬೆಂಕಿ ಹತ್ತಿತು. ಮರುದಿನ ಕೇಶವರಾವ್ ಅವರ ಜನ್ಮದಿನ. ರಂಗಸ್ಥಳ, ಛಾವಣಿ, ಕುರ್ಚಿಗಳು ಸುಟ್ಟವು. ಕಲ್ಲಿನ ಗೋಡೆಗಳ ಬಹುಭಾಗ ಉಳಿಯಿತು. ಬೆಳಿಗ್ಗೆ ಕಲಾವಿದರು ಆ ಗೋಡೆಗಳ ಮುಂದೆ ನಿಂತು ಅತ್ತರು. ಅದು ಇದ್ದ ಹಾಗೆಯೇ ಮತ್ತೆ ಕಟ್ಟಬೇಕು ಎಂಬ ಬೇಡಿಕೆ ಅಂದೇ ಎದ್ದಿತು, ಸರ್ಕಾರ ಹಣ ಘೋಷಿಸಿತು, ಪುನರ್ನಿರ್ಮಾಣ ಶುರುವಾಯಿತು. ಊರು ಹೀಗೆ ಒಂದು ರಂಗಮಂದಿರಕ್ಕಾಗಿ ಮಿಡಿಯುವುದು ದೊಡ್ಡ ಮಾತು. ನನ್ನ ಚಿಂತೆ ಬೇರೆ ಊರುಗಳದ್ದು. ಹಳೆಯ ವಾಡೆಗಳಲ್ಲಿ, ಶಾಲೆಗಳಲ್ಲಿ, ದೇವಳಗಳ ಸಭಾಮಂಟಪಗಳಲ್ಲಿ ಮರದ ತೊಲೆಗಳ ಮೇಲೆ ಯಾವ ಕಾಲದಲ್ಲೋ ಎಳೆದ ವಿದ್ಯುತ್ ತಂತಿಗಳು ಇಂದಿಗೂ ಇವೆ. ಅವುಗಳ ಮೇಲೆ ಈಗ ಎಸಿ, ದೊಡ್ಡ ದೀಪ, ಸ್ಪೀಕರುಗಳ ಭಾರ. ಮತ್ತೊಂದು ಪ್ರಶ್ನೆ: ಇದ್ದ ಹಾಗೆಯೇ ಕಟ್ಟುವುದು ಎಂದರೆ, ಇದ್ದದ್ದು ಹೇಗಿತ್ತು ಎಂಬ ಅಳತೆ ಇರಬೇಕು. ಎಷ್ಟು ಸಣ್ಣ ಊರುಗಳ ಬಳಿ ತಮ್ಮ ಹಳೆಯ ಕಟ್ಟಡಗಳ ಅಳತೆ ಇದೆ? ಗೋಡೆ ನಿಂತಿರುವಾಗಲೇ ಟೇಪು ಹಿಡಿದು ಅಳೆದು, ಪ್ರತಿ ತೊಲೆ, ಪ್ರತಿ ಕಿಟಕಿಯ ಚಿತ್ರ ತೆಗೆದು ಎರಡು ಕಡೆ ಇಡಬೇಕು. ಪಾಲಿಟೆಕ್ನಿಕ್ಕಿನ ಮಕ್ಕಳಿಗೆ ಒಂದು ಬೇಸಿಗೆಯ ಕೆಲಸ ಅದು.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡಲಾರೆ. ಕೊಲ್ಲಾಪುರ ಮಹಾನಗರಪಾಲಿಕೆಯ ಅವಧಿ 2020ರ ನವೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ, ಪ್ರಶಾಸಕರ ಆಡಳಿತ ನಡೆಯಿತು. ಆಗ ಮಹಾರಾಷ್ಟ್ರದ ಬಹುತೇಕ ಊರುಗಳದ್ದೂ ಇದೇ ಸ್ಥಿತಿಯಾಗಿತ್ತು. ಪ್ರಶಾಸಕರಲ್ಲಿ ಚುರುಕಾದವರನ್ನು ನಾನು ನೋಡಿದ್ದೇನೆ. ಕಡತ ಬೇಗ ಓಡುತ್ತದೆ. ಆದರೆ ಬೆಳಿಗ್ಗೆ ಆರಕ್ಕೆ ಖಾಲಿ ಕೊಡ ಹಿಡಿದು ನಗರಸೇವಕನ ಬಾಗಿಲು ಬಡಿಯುವ ಅವಕಾಶ ಹೋಯಿತು. ಆ ಬಡಿತದಿಂದಲೇ ನಮಗೆ ಎಷ್ಟೋ ಸೋರಿಕೆಗಳ ಸುಳಿವು ಸಿಗುತ್ತಿತ್ತು. ಬೈಸಿಕೊಳ್ಳುವವನೊಬ್ಬ ಓಣಿಯಲ್ಲಿ ಇರಬೇಕು, ಊರಿನ ಆರೋಗ್ಯಕ್ಕೆ ಅದು ಬೇಕು. ಗಡಿಯಾಚೆ ನಮ್ಮ ಸೋದರಮಾವಂದಿರ ಹುಕ್ಕೇರಿ ತಾಲೂಕಿನಲ್ಲಿ 1969ರಿಂದ ವಿದ್ಯುತ್ ಹಂಚುತ್ತಿರುವುದು ಗ್ರಾಹಕರೇ ಸದಸ್ಯರಾಗಿರುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಅದರ ಚುನಾವಣೆಯ ಬಿರುಸು, ಜಗಳ ಎಲ್ಲ ಇದೆ. ಆದರೂ ದೀಪ ಹೋದರೆ ಕೇಳುವವನು ಆ ಸಂಘದ ಒಡೆ­ಯನೂ ಹೌದು ಎಂಬ ಭಾವನೆ ಅಲ್ಲಿಯ ಮಾತಿನಲ್ಲಿ ನನಗೆ ಕಂಡಿದೆ. ನೀರಿನ ವಿಷಯದಲ್ಲೂ ಆ ಭಾವನೆ ನಮಗೆ ಬೇಕು.

ಈಗ ಉತ್ತೂರಕ್ಕೆ ಬರುತ್ತೇನೆ. ನೆರೆಯ ಬಹಿರೇವಾಡಿಯಲ್ಲಿ 1907ರಲ್ಲಿ ಹುಟ್ಟಿದ ಶಿಕ್ಷಣತಜ್ಞ ಜೆ.ಪಿ. ನಾಯಕ್ ಅವರು ಕೊಠಾರಿ ಆಯೋಗದ ಸದಸ್ಯ ಕಾರ್ಯದರ್ಶಿಯಾಗುವುದಕ್ಕೆ ಬಹಳ ಮೊದಲು, ಧಾರವಾಡದ ಬಳಿಯ ಉಪ್ಪಿನಬೆಟಗೇರಿಯಲ್ಲಿ ಹಳ್ಳಿಯ ಕೆಲಸ ಮಾಡಿದವರು. ದೇಶದ ಶಿಕ್ಷಣಕ್ಕೆ ರೂಪ ಕೊಟ್ಟ ಮನುಷ್ಯ ಒಂದು ಹಳ್ಳಿಯ ಓಣಿಗಳಿಂದ ಶುರುಮಾಡಿದರು. ನಮ್ಮ ಸೀಮೆಗೆ ಆ ಪರಂಪರೆ ಇದೆ. ಈಗ ನೀರೂ ಬಂದಿದೆ: 2021ರಲ್ಲಿ ನಮ್ಮ ಭಾಗದ ಆಂಬೆಓಹಳ ಜಲಾಶಯದಲ್ಲಿ ಮೊದಲ ಸಲ ನೀರು ನಿಂತಿತು. ದಶಕಗಳು ಕಾದು, ಹೊಲ ಮನೆ ಕಳೆದುಕೊಂಡವರ ತ್ಯಾಗದಿಂದ ಬಂದ ನೀರು. ನೀರು ಬಂದಲ್ಲಿ ಊರು ಬೆಳೆಯುತ್ತದೆ. ಆಜರಾ ಆಗಲೇ ನಗರಪಂಚಾಯತಿಯಾಗಿದೆ. ನಮ್ಮಲ್ಲಿ ಇನ್ನೂ ಗ್ರಾಮಪಂಚಾಯತಿ, ಅದೇ ನಮ್ಮ ಅನುಕೂಲ. ಊರು ಇಷ್ಟು ಸಣ್ಣದಿರುವಾಗಲೇ ನೆಲದ ಕೆಳಗಿನ ಪೈಪನ್ನೂ ಮೇಲಿನ ಗಟಾರನ್ನೂ ಒಂದೇ ಹಾಳೆಯಲ್ಲಿ ಬರೆಯಬಹುದು. ಗಟಾರು ಪೈಪನ್ನು ದಾಟುವ ಜಾಗಗಳನ್ನು ಇಂದೇ ಗುರುತಿಸಬಹುದು. ಹದಿನೈದನೆಯ ಹಣಕಾಸು ಆಯೋಗ ಗ್ರಾಮಪಂಚಾಯತಿಗಳ ಅನುದಾನದಲ್ಲಿ ಶೇಕಡಾ 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಅದರಲ್ಲಿ ಎಷ್ಟು ಹೊಸ ಕಟ್ಟಡಕ್ಕೆ ಹೋಯಿತು, ಎಷ್ಟು ದುರಸ್ತಿಗೆ ಹೋಯಿತು ಎಂದು ಕೇಳುವ ಹಕ್ಕು ಮತದಾರನಾದ ಪ್ರತಿಯೊಬ್ಬನಿಗೂ ಇದೆ.

ಉತ್ತೂರದ ನನ್ನ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಬರುವ ಗ್ರಾಮಸಭೆಗೆ ಬನ್ನಿ. ಹೊಸ ಕಮಾನು, ಹೊಸ ಸಭಾಗೃಹದ ಠರಾವು ಬಂದಾಗ ಕೈ ಎತ್ತುವ ಮೊದಲು, ಇದನ್ನು ಮುಂದಿನ ಹತ್ತು ವರ್ಷ ಯಾರು, ಯಾವ ದುಡ್ಡಿನಿಂದ ನೋಡಿಕೊಳ್ಳುತ್ತಾರೆ ಎಂದು ಕೇಳಿ, ಆ ಉತ್ತರವನ್ನೂ ಠರಾವಿನಲ್ಲೇ ಬರೆಸಿ. ನೀರಿನ ನಕ್ಷೆ ಮಾಡಲು ಮುಂದೆ ಬರುವ ಹುಡುಗರಿದ್ದರೆ ನಾನು ಜೊತೆಗೆ ನಡೆಯುತ್ತೇನೆ. ಟೇಪು, ಹಾಳೆ ನನ್ನ ಬಳಿ ಇವೆ.